ತುಟಿಯ ಎಡತುದಿ

ರೂಪಶ್ರೀ ಕಿಟಕಿಯ ಪಕ್ಕ ಒಂದು ಹಳೆಯ ಫ್ರೆಂಚ್ ಪೆನ್ಸಿಲ್ ಚಿತ್ರದ ಪ್ರತಿಯನ್ನು ಅಂಟಿಸಿಕೊಂಡಿದ್ದಳು. ಇನ್ನೂರು ವರ್ಷದ ಹಿಂದಿನ ಯಾವುದೋ ಹೆಂಗಸು. ತೊಟ್ಟ ಬಟ್ಟೆಗೆ ಬೀಸಿ ಎಳೆದ ನಾಲ್ಕಾರು ಗೆರೆ, ಅಷ್ಟೇ. ಮುಖಕ್ಕೆ ಮಾತ್ರ ಉಸಿರು ತಾಕಿದಂಥ ನವಿರು ನೆರಳು. ತುಟಿಯ ತುದಿ ಕೂದಲೆಳೆಯಷ್ಟು ಮೇಲೇರಿದ್ದಕ್ಕೇ ಆಕೆ ಈಗಷ್ಟೇ ನಗು ತಡೆದುಕೊಂಡವಳ ಹಾಗೆ ಕಾಣುತ್ತಿದ್ದಳು. ಮಾವ ನಾಗರಾಜಪ್ಪನವರನ್ನು ಅದೇ ರೀತಿ ಬರೆಯಬೇಕೆಂದು ರೂಪಶ್ರೀಗೆ ಹಟ.

ಹರಿಹರದ ಬಟ್ಟೆ ಅಂಗಡಿಯನ್ನು ಮಗ ಕೊಟ್ರೇಶನಿಗೆ ವಹಿಸಿದ ಮೇಲೆ ಮಾವನಿಗೂ ಹೊತ್ತು ಹೋಗುತ್ತಿರಲಿಲ್ಲ. ನಿನ್ನೆ ಗೊಣಗುತ್ತಲೇ ಅವಳೆದುರು ಕೂತಿದ್ದರು. ಅಂಗಿ, ರುಮಾಲು ಸರಸರನೆ ಬಂದವು. ತುಟಿಯೂ ಮೂಡಿತ್ತು, ಗಿರಾಕಿಯ ಚೌಕಾಸಿ ಕೇಳುವಾಗಿನ ಅವರ ಕಳ್ಳನಗುವಿನ ಸಮೇತ.

ಇವತ್ತು ತಿಂಡಿಯಾದ ಮೇಲೆ ಮತ್ತೆ ಕೂರಿಸಿದಳು. ನೋಡಿದರೆ ತುಟಿಯ ಎಡತುದಿ ತಪ್ಪಿದೆ. ಕಾಗದದಲ್ಲಿ ಮೇಲಿದೆ, ಮುಖದಲ್ಲಿ ಕೆಳಗಿದೆ. ‘ನಿನ್ನೆ ಕಣ್ಣೆಲ್ಲಿಟ್ಟಿದ್ದೆ’ ಎಂದು ತನ್ನನ್ನೇ ಬೈದುಕೊಂಡು ಅಳಿಸಿದಳು. ಕೆಳಗೆ ಎಳೆದಳು. ತಲೆಯೆತ್ತಿದರೆ ಅದು ಇನ್ನೂ ಕೆಳಗಿತ್ತು.

ಪೆನ್ಸಿಲ್ ಅಲ್ಲೇ ನಿಂತಿತು. ಗೆರೆ ತಪ್ಪಿರಲಿಲ್ಲ. ಅವಳ ಕಣ್ಣೆದುರೇ ಮುಖ ಜಾರುತ್ತಿತ್ತು.

“ಮಾವಾರ, ಎರಡೂ ಕೈ ಎತ್ರಿ!”

“ಯಾ... ಯಾಕವ್ವ...” ಮಾತು ತೊದಲಿ ಕಲಸಿಹೋಯಿತು. ಬಲಗೈ ಎದ್ದಿತು. ಎಡಗೈ ತೊಡೆಯ ಮೇಲೇ ಉಳಿಯಿತು. ಅದು ಯಾರದೋ ಕೈ ಎಂಬಂತೆ ಅವರು ನೋಡಿದರು.

ರೂಪಶ್ರೀ ಪೆನ್ಸಿಲ್ ಬಿಸುಟು ಎದ್ದಳು. ಓಡಿಹೋಗಿ ಪಕ್ಕದ ಮನೆಯ ಹಯಾತ್ ಸಾಬರ ಬಾಗಿಲು ಬಡಿದಳು.

“ಸಾಬ್ರೇ, ಕಾರು ತೆಗೀರಿ! ಮಾವಾರಿಗೆ ಲಕ್ವ ಹೊಡೆದೈತೆ!”

“ಯಾ ಅಲ್ಲಾ! ಈಗಿನ್ನೂ ನನ್ ಕೂಡ ಮಾತಾಡಿದ್ರಲ್ಲವ್ವಾ!” ಎನ್ನುತ್ತಲೇ ಅವರು ಬೀಗದ ಕೈಗೆ ತಡಕಾಡಿದರು.

ದಾವಣಗೆರೆಯ ಆಸ್ಪತ್ರೆ ಮುಟ್ಟುವವರೆಗೂ ಅವಳು ಮಾವನ ಎಡಗೈ ಬಿಡಲಿಲ್ಲ. ತಲೆಯೊಳಗೆ ಒಂದೇ ಮಾತು ಸುತ್ತುತ್ತಿತ್ತು: ಆ ಜೀವ ಅಲ್ಲಿ ಕುಸಿಯುತ್ತಿದ್ದರೆ ನಾನು ಕೂತು ಚಿತ್ರ ತಿದ್ದುತ್ತಿದ್ದೆನಲ್ಲ!

ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟ ಡಾಕ್ಟರು ಸಂಜೆ ಹೊರಗೆ ಬಂದರು. “ಬೇಗ ಕರ್ಕೊಂಡು ಬಂದ್ರಿ, ಒಳ್ಳೇದಾತು. ಬೆರಳು ಆಡಿಸ್ತಾ ಇದಾರೆ. ಮಾತು ತಿಳಿಯಾಗೋಕೆ ದಿನ ಹಿಡೀತೈತೆ.”

ಅವಳಿಗೆ ಕೈ ಮುಗಿಯುವುದೂ ಮರೆತುಹೋಯಿತು. ಅಂಗಡಿಯಿಂದ ಓಡಿಬಂದು ಗೋಡೆಗೊರಗಿ ಕೂತಿದ್ದ ಕೊಟ್ರೇಶ ಕಣ್ಣೊರೆಸಿಕೊಂಡು ನೋಡಿದರೆ, ಹೆಂಡತಿ ಅವನ ಬಾಯನ್ನೇ ದಿಟ್ಟಿಸುತ್ತಿದ್ದಳು.

“ಯಾಕ ಹಂಗೆ ನೋಡ್ತೀಯ?”

“ಸ್ವಲ್ಪ ಅಲುಗಾಡಬ್ಯಾಡ್ರಿ.”

ಎರಡೂ ತುದಿ ಸಮನಾಗಿದ್ದವು. ನಂಬಿಕೆ ಬರದೆ, ಅವಳು ಇನ್ನೊಮ್ಮೆ ನೋಡಿದಳು.