ಮೂರನೇ ಕೈ

ಸಂಜೆ ಏಳಕ್ಕೆ ಗೋಡೆ ಇನ್ನೂ ಒದ್ದೆಯಾಗಿತ್ತು. ಕಲೆ ಮತ್ತು ಮನೆಯ ಒಳಾಂಗಣದ ಬಗೆಗಿನ ಬುಧವಾರದ ಕೂಟಕ್ಕೆ ಜನ ಆಗಲೇ ಬಂದು ಕೂತಿದ್ದರು. ಅವರಿಗೆ ತೋರಿಸಬೇಕಿದ್ದುದು ಅಪ್ಪಟ ಬಿಳಿಯ ಸುಣ್ಣದ ಗೋಡೆ. ಎದುರಿಗಿದ್ದುದು ಬೂದು ಬಣ್ಣದ, ಕಲೆ ಹಿಡಿದಂತಿದ್ದ ಗೋಡೆ.

ಕೂಟ ನಡೆಸುತ್ತಿದ್ದವರು ಅಕ್ಕ ತಂಗಿ. ಅಕ್ಕ ಮನೆಗಳ ಒಳಾಂಗಣ ವಿನ್ಯಾಸ ಮಾಡುತ್ತಿದ್ದಳು, ತಂಗಿ ಚಿತ್ರಗಾರ್ತಿ. ಹಾಲ್ ಸೋದರಮಾವನದು. ಹಿಂದಿನ ಎರಡು ಕೂಟಗಳಲ್ಲಿ ಜನ ಅರ್ಧಕ್ಕೇ ಎದ್ದುಹೋಗಿದ್ದರು. ಈ ಸಲವೂ ಹಾಗಾದರೆ ಜಾಗವನ್ನು ಪರದೆ ಬಟ್ಟೆಯ ವ್ಯಾಪಾರಿಗೆ ಬಾಡಿಗೆಗೆ ಕೊಡುವುದೆಂದು ಮಾವ ಹೇಳಿಯಾಗಿತ್ತು.

ಮಧ್ಯಾಹ್ನ ತಂಗಿ ಎರಡನೇ ಕೈ ಸುಣ್ಣ ಬಳಿದು, ಬಟ್ಟೆ ಬದಲಿಸಲು ಮನೆಗೆ ಹೋಗಿದ್ದಳು. ಹಸಿ ಸುಣ್ಣ ಗೋಡೆಯನ್ನು ಮುಚ್ಚುವುದಿಲ್ಲ; ಒಣಗಿದ ಮೇಲಷ್ಟೇ ಬೆಳ್ಳಗಾಗುತ್ತದೆ. ಡಬ್ಬದ ಬಣ್ಣವನ್ನಷ್ಟೇ ಬಳಸಿ ಗೊತ್ತಿದ್ದ ಅಕ್ಕ, ಬಳಿದದ್ದು ಸಾಲದೆಂದು ತಾನೇ ಬ್ರಷ್ ಹಿಡಿದು ಮೂರನೇ ಕೈ ಬಳಿದುಬಿಟ್ಟಿದ್ದಳು.

“ಯಾರೇ ಇದರ ಮೇಲೆ ಕೈಯಾಡಿಸಿದ್ದು?” ತಂಗಿ ಪಿಸುಗುಟ್ಟಿದಳು.

“ನಾನೇ ಕಣೇ. ತೆಳ್ಳಗೆ ಕಾಣ್ತಿತ್ತು, ಪಾಪ ಅನ್ನಿಸ್ತು.” ಗೋಡೆಗಿಂತ ಮೊದಲೇ ಅಕ್ಕನ ಮುಖ ಬೆಳ್ಳಗಾಗಿತ್ತು.

“ಗೋಡೆ ನೋಡಿ ಪಾಪ ಅನ್ನೋಳು ನೀನೊಬ್ಬಳೇ!”

ಮಾವ ಬಂದರು. “ಕಲೆ ಕಲೆ ಅಂತಿದ್ರಲ್ಲ, ಇದೇನಾ? ಹೇಳಿದ ಹಾಗೇ ಇದೆ ಬಿಡಿ. ಬರೀ ಕಲೆ!”

“ಸ್ವಲ್ಪ ತಾಳಿ ಮಾವ.”

“ನಾನು ತಾಳ್ತೀನಮ್ಮ. ಕುರ್ಚಿಲಿ ಕೂತೋರು ತಾಳ್ಬೇಕಲ್ಲ?”

ಅಕ್ಕ ತಾನು ತಂದಿದ್ದ ಎತ್ತರದ ದೀಪವನ್ನು ಗೋಡೆಯ ಎಡಮೂಲೆಗೆ ಒತ್ತಿ ಇಟ್ಟು ಸ್ವಿಚ್ ಹಾಕಿದಳು. ಹಳೇ ಬಗೆಯ ಬಲ್ಬು, ಬೆಳಕಿಗಿಂತ ಕಾವೇ ಹೆಚ್ಚು. ಮನೆಯಲ್ಲಿ ದೀಪ ಎಲ್ಲಿರಬೇಕು ಎಂದು ಮಾತು ಶುರುಮಾಡಿದಳು. ಹಿಂದಿನ ಸಾಲಿನಲ್ಲಿ ಇಬ್ಬರು ಎದ್ದು ಚೀಲ ಹೆಗಲಿಗೇರಿಸಿದರು.

ಆಗ ದೀಪದ ಪಕ್ಕದಲ್ಲಿ ಅಂಗೈಯಗಲ ಜಾಗ ಬೆಳ್ಳಗಾಯಿತು.

ಬಿಳುಪು ಮೆಲ್ಲನೆ ಹರಡಿತು, ಹೊತ್ತು ಮೂಡಿದ ಹಾಗೆ. ತಂಗಿ ಅಡ್ಡಡ್ಡ ಬಳಿದಿದ್ದಳು, ಅಕ್ಕ ಮೇಲಿಂದ ಕೆಳಕ್ಕೆ. ಸುಣ್ಣ ದಪ್ಪಗೆ ಕೂತ ಕಡೆ ಬೂದು ಬಣ್ಣ ತಡೆದು ನಿಂತು, ಬೆಳಗಿನ ಮಂಜಿನಲ್ಲಿ ಕಾಣುವ ಕೊಂಬೆಗಳಂತೆ ಕವಲೊಡೆಯಿತು. ಅದನ್ನು ಯಾರೂ ಬರೆದಿರಲಿಲ್ಲ. ಅಕ್ಕನ ಮಾತು ಅರ್ಧಕ್ಕೇ ನಿಂತಿತು.

“ಅಲ್ನೋಡು, ಮೇಲಕ್ಕೆ ಹತ್ತುತಾ ಇದೆ,” ಎಂದರು ಮುಂದಿನ ಸಾಲಿನ ವೃದ್ಧರೊಬ್ಬರು.

“ಸುಮ್ನಿರಿ, ನನಗೂ ಕಣ್ಣಿದೆ,” ಎಂದರು ಅವರ ಹೆಂಡತಿ, ಗೋಡೆಯಿಂದ ದೃಷ್ಟಿ ಕೀಳದೆ.

ಚೀಲ ಹೆಗಲಿಗೇರಿಸಿದ್ದ ಇಬ್ಬರು ನಿಂತೇ ನೋಡಿದರು. ಕೊನೆಯ ಕೊಂಬೆಯೂ ಬಿಳುಪಿನಲ್ಲಿ ಕರಗಿ ಇಡೀ ಗೋಡೆ ಒಂದೇ ಬಣ್ಣವಾದ ಮೇಲೂ ಯಾರೂ ಹೊರಡಲಿಲ್ಲ.

“ಇದು ಮೊದಲೇ ಯೋಚಿಸಿದ್ದಾ?” ಮಾವನ ದನಿ ತಗ್ಗಿತ್ತು.

ಅಕ್ಕ ಬಾಯಿ ತೆರೆಯುವ ಮೊದಲೇ ತಂಗಿ ಹೇಳಿದಳು: “ಇಲ್ಲ ಮಾವ. ಅಕ್ಕನ ಕೈವಾಡ.”

ಮುಂದಿನ ಬುಧವಾರ ಮಾವನೇ ಸುಣ್ಣದ ಬಕೆಟ್ ತಂದು ಎದುರು ಗೋಡೆಯ ಬುಡದಲ್ಲಿಟ್ಟರು. ಪರದೆ ವ್ಯಾಪಾರಿ ಪಕ್ಕದ ಬೀದಿಯಲ್ಲಿ ಜಾಗ ಹಿಡಿದ.