ಪದ್ಮನಾಭಣ್ಣನ ಟೊಮೇಟೊ ಗಿಡಗಳು

ತಾರಸಿಯ ಮೇಲೆ, ಟೊಮೇಟೊ ಕುಂಡಗಳ ಸಾಲಿನ ಮುಂದೆ, ನನ್ನ ಅಣ್ಣ ಸೊಂಟ ಬಗ್ಗಿಸಿ ಸೌಟು ಹಿಡಿದು ನಡೆಯುತ್ತಿದ್ದ. ಪಂಕ್ತಿಯಲ್ಲಿ ಬಡಿಸುವವರ ನಡಿಗೆ ಅದು. ಒಂದೊಂದು ಕುಂಡದ ಬಳಿಯೂ ನಿಂತು ಅಕ್ಕಿ ತೊಳೆದ ನೀರನ್ನೋ ಉಳಿದ ಮಜ್ಜಿಗೆಯನ್ನೋ ಸುರಿದು, "ಸಂಕೋಚ ಬೇಡಿ, ನಿಧಾನವಾಗಿ ಆಗಲಿ" ಎಂದು ಗಿಡಕ್ಕೆ ಉಪಚಾರ ಹೇಳುತ್ತಿದ್ದ. ನಾನು ಮಗಳ ಬಾಣಂತನಕ್ಕೆ ಹೊರಟ ದಿನ ಬೆಳಿಗ್ಗೆ ಕಂಡ ನೋಟವಿದು. ಹೊಟ್ಟೆ ತುಂಬ ನಕ್ಕು ಬಸ್ಸು ಹತ್ತಿದೆ.

ಪದ್ಮನಾಭಣ್ಣ ಮದುವೆ ಮನೆಗಳ ಅಡುಗೆಯವನು. ಅವನ ಹೆಸರೆತ್ತಿದರೆ ಸಾಕು, ನಮ್ಮೂರ ಜನ ಬಾಯಿ ಚಪ್ಪರಿಸುತ್ತಿದ್ದರು. ಅಂಥವನು ಒಂದು ಕೆಟ್ಟ ಜ್ವರದಿಂದ ಎದ್ದ ಮೇಲೆ, "ಮಂಡಿ ನೋವು ಕಣೆ, ಇನ್ನು ಒಲೆ ಮುಂದೆ ನಿಲ್ಲೋಕಾಗಲ್ಲ" ಎಂದು ನನ್ನ ಮನೆಗೆ ಬಂದು ಕೂತುಬಿಟ್ಟ. ಕೈಕಟ್ಟಿ ಕೂರುವ ಜಾಯಮಾನ ಅವನದಲ್ಲ. ಅದಕ್ಕೇ ಗಿಡಗಳನ್ನು ಅವನಿಗೆ ಒಪ್ಪಿಸಿದ್ದೆ. "ನಿನ್ನ ಟೊಮೇಟೊ ಒಂದು ಹುಳಿಯೇನೇ? ಹುಳಿ ಅಂದ್ರೆ ಹುಣಸೆಹಣ್ಣು" ಎಂದು ಹೀಯಾಳಿಸುತ್ತಲೇ ಒಪ್ಪಿಕೊಂಡ. ಮಂಡಿ ನೋವಿನ ಮನುಷ್ಯ ಬಕೆಟ್ಟು ಹಿಡಿದು ತಾರಸಿಗೆ ಹತ್ತಿಳಿಯುವುದು ಹೇಗೆ ಎಂದು ಆಗ ನನಗೆ ಹೊಳೆಯಲಿಲ್ಲ.

ನಾನು ಹಿಂತಿರುಗಿದ ದಿನ ಜಗಲಿಯ ಮೇಲೆ ವೆಂಕಟಾಚಲ ಕೂತಿದ್ದ. ಅಣ್ಣನ ಕೈಕೆಳಗೇ ಪಳಗಿ ಬೆಳೆದ ಅಡುಗೆಯವನು. ಅವನ ಮಗಳ ಮದುವೆ ಗೊತ್ತಾಗಿತ್ತು.

"ಅವಳ ನಾಮಕರಣದ ದಿನವೇ ನೀವು ಮಾತು ಕೊಟ್ಟಿದ್ರಿ ಅಣ್ಣಯ್ಯ. ನೀವು ಬರದಿದ್ರೆ ಛತ್ರದ ಒಲೆ ನಾನು ಹಚ್ಚಲ್ಲ."

"ಮಂಡಿ ನೋವು ಮಾರಾಯ. ನೋಡೋಣ, ಹೇಳಿ ಕಳಿಸ್ತೀನಿ" ಎಂದ ಅಣ್ಣ. ಅವನ ಮುಖ ಬಿಳಿಚಿಕೊಂಡಿತ್ತು.

ವೆಂಕಟಾಚಲ ಹೋದ ಮೇಲೆ ನಾನು ತಾರಸಿಗೆ ಹೋದೆ. ಮೆಟ್ಟಿಲು ಮುಗಿಯುವ ಮೊದಲೇ ಮೂಗಿಗೆ ಸೆರಗು ಹಿಡಿಯಬೇಕಾಯಿತು. ಹಳಸಿದ ಅನ್ನ, ಹುಳಿತ ಮಜ್ಜಿಗೆ, ಕೊಳೆತ ಬೇರು ಎಲ್ಲ ಸೇರಿದ ನಾತ. ಕೆಳಗಿನ ಎಲೆಗಳು ಹಳದಿಯಾಗಿ ಜೋತುಬಿದ್ದಿದ್ದವು. ಹೂವು ಕಾಯಿ ಕಟ್ಟದೆ ಉದುರಿತ್ತು. ಅಲ್ಲೊಂದು ಇಲ್ಲೊಂದು ನಿಂತ ಕಾಯಿಯ ತಳ ಕಪ್ಪಾಗಿತ್ತು. ಅಣ್ಣನೋ ಸೌಟು ಹಿಡಿದು ನನ್ನ ಹಿಂದೆಯೇ ಬಂದು, ಆ ಕುಂಡಗಳ ನಡುವೆ ಮಲ್ಲಿಗೆ ತೋಟದಲ್ಲಿ ನಿಂತವನ ಹಾಗೆ ನಿಂತ.

"ಇದೇನು ನಾತವೋ ಅಣ್ಣ!"

"ಯಾವ ನಾತ?"

ನಾನು ಅವನ ಮುಖ ನೋಡಿದೆ. ಅವನು ಬೀದಿಯ ಕಡೆ ತಿರುಗಿಕೊಂಡ. ಬೀದಿಯಲ್ಲಿ ನಡೆಯುತ್ತ, ಯಾರ ಮನೆಯ ಒಗ್ಗರಣೆ ಸೀದಿದೆ ಎಂದು ಹೇಳುತ್ತಿದ್ದವನು ಅವನು.

"ಜ್ವರ ಬಿಟ್ಟ ದಿನದಿಂದ ಏನೂ ತಿಳೀತಿಲ್ಲ ಕಣೆ" ಎಂದ. "ಕಾಫಿ ಕುಡಿದ್ರೆ ಬರೀ ಬಿಸಿನೀರು. ವೆಂಕಟಾಚಲನ ಮಗಳ ಮದುವೆ ಊಟ ಕೆಡಿಸಿದವನು ಅನ್ನಿಸಿಕೊಳ್ಳೋದಕ್ಕಿಂತ ಮಂಡಿ ಹೋದವನು ಅನ್ನಿಸಿಕೊಳ್ಳೋದು ವಾಸಿ."

ನಮ್ಮ ಮನೆತನದ ಅಡುಗೆಯ ಕ್ರಮ ಬಲ್ಲವರಿಗೆ ಅವನ ಸಂಕಟ ಅರ್ಥವಾದೀತು. ದೇವರಿಗೆ ನೈವೇದ್ಯವಾಗುವ ಮುನ್ನ ಒಂದು ಹನಿಯನ್ನೂ ನಾಲಗೆಗೆ ಮುಟ್ಟಿಸುವಂತಿಲ್ಲ. ಉಪ್ಪು, ಹುಳಿ, ಖಾರ ಎಲ್ಲವನ್ನೂ ಕೊಳದಪ್ಪಲೆಯೆಂಬ ದೊಡ್ಡ ಪಾತ್ರೆಯಿಂದ ಏಳುವ ಆವಿಯಲ್ಲೇ ತಿಳಿಯಬೇಕು. ಅಪ್ಪ ನಮ್ಮಿಬ್ಬರನ್ನೂ ಒಲೆಯ ಬಳಿ ಕೂರಿಸಿ ಅದನ್ನು ಕಲಿಸಿದ್ದರು. ಗಂಡುಮಗನೆಂದು ಅಣ್ಣ ಅಡುಗೆಗೆ ಹೋದ, ಹೆಣ್ಣೆಂದು ನಾನು ಮನೆಯಲ್ಲಿ ಉಳಿದೆ.

ಅಳುತ್ತ ಕೂರುವುದು ನನಗೆ ಒಗ್ಗದು. "ಮೊದಲು ಆ ಸೌಟು ಕೆಳಗಿಡು. ಗಿಡ ಅಂದ್ರೆ ಬೀಗರಲ್ಲ, ಬಲವಂತ ಮಾಡಿ ಬಡಿಸೋದಕ್ಕೆ" ಎಂದೆ.

ಕುಂಡಗಳನ್ನು ಬಗ್ಗಿಸಿದೆವು. ತಳದ ತೂತುಗಳಿಗೆ ಅನ್ನದ ಅಗುಳು ಮೆತ್ತಿ ನೀರು ಇಳಿಯದೆ ನಿಂತಿತ್ತು. ಕಪ್ಪಾದ ಬೇರು ಕತ್ತರಿಸಿ, ಮರಳು ಮತ್ತು ಹಳೆಯ ಸಗಣಿ ಗೊಬ್ಬರ ಬೆರೆಸಿದ ಹೊಸ ಮಣ್ಣಿಗೆ ಗಿಡ ಊರಿದೆವು. ಕುಂಡಗಳ ಕೆಳಗೆ ಇಟ್ಟಿಗೆ ಕೊಟ್ಟೆವು. ಕೆಲವು ಸತ್ತವು, ಉಳಿದವು ತಲೆಯೆತ್ತಿದವು. ಮಣ್ಣಿಗೆ ಬೆರಳು ತೂರಿಸಿ, ಒಳಗೆ ಒಣಗಿದ್ದರೆ ಮಾತ್ರ ನೀರು. ಅದೂ ಬುಡಕ್ಕೆ, ಎಲೆಗಲ್ಲ. ಬುಡದ ಸುತ್ತ ಒಣ ತರಗು ಹೊದಿಸಿದೆವು. ಒಂದು ದಿನ ಪ್ರವಾಹ, ಒಂದು ದಿನ ಬರ ಎಂಬ ಉಪಚಾರ ತಪ್ಪಿದ ಮೇಲೆ ಕಾಯಿಯ ತಳ ಕಪ್ಪಾಗುವುದು ನಿಂತಿತು. ಎಲೆಯ ಸಂದಿಯಲ್ಲಿ ಏಳುವ ಕಂಕುಳ ಚಿಗುರನ್ನು ಚಿವುಟುವುದು ಅಣ್ಣನಿಗೆ ಸುಲಭವಾಗಿ ಬಂತು, ಕೊತ್ತಂಬರಿ ಬಿಡಿಸಿದ ಕೈ ತಾನೆ.

ಮಣ್ಣು ಹುಳಿಯುತ್ತಿದೆಯೋ ಇಲ್ಲವೋ ಎಂಬುದೊಂದು ಮಾತ್ರ ಅವನಿಗೆ ತಿಳಿಯುತ್ತಿರಲಿಲ್ಲ. ಬೆಳಿಗ್ಗೆ ಒಂದು ಚಿಟಿಕೆ ಮಣ್ಣು ತಂದು ನನ್ನ ಮೂಗಿಗೆ ಹಿಡಿದು "ಹೇಗಿದೆ?" ಎನ್ನುತ್ತಿದ್ದ. ಮೊದಮೊದಲು ನಾಚಿಕೆಯಿಂದ ಕೇಳುತ್ತಿದ್ದವನು, ಆಮೇಲಾಮೇಲೆ ಗಂಟೆ ಎಷ್ಟು ಎಂದು ಕೇಳುವಷ್ಟು ಸಲೀಸಾಗಿ ಕೇಳತೊಡಗಿದ.

ಹಣ್ಣು ಕೆಂಪಾಯಿತು. ನಾನು ಎಷ್ಟೋ ಕಾಡಿದ ಮೇಲೆ ಅಣ್ಣ ನಮ್ಮ ಒಲೆಯ ಮುಂದೆ ನಿಂತು ಟೊಮೇಟೊ ಸಾರು ಇಟ್ಟ. ಕುದಿ ಬಂದಾಗ ಅಭ್ಯಾಸಬಲದಿಂದ ನನ್ನತ್ತ ತಿರುಗಿ, "ಹೇಗಿದೆ?" ಎಂದ.

ನಾನು ಆವಿಗೆ ಮುಖವೊಡ್ಡಿದೆ. "ಉಪ್ಪು ಸಾಲದು. ಹುಳಿ ಮುಂದಾಗಿದೆ, ಚೂರು ಬೆಲ್ಲ ಹಾಕು."

ನೈವೇದ್ಯವಾಗಿ ಊಟಕ್ಕೆ ಕೂತಾಗ ನಮ್ಮೆಜಮಾನರು ಮತ್ತೆ ಮತ್ತೆ ಸಾರು ಹಾಕಿಸಿಕೊಂಡರು. ಅಣ್ಣ ಅವರನ್ನೇ ನೋಡುತ್ತ ಕೂತಿದ್ದ.

"ವೆಂಕಟಾಚಲನಿಗೆ ಬರ್ತೀವಿ ಅಂತ ಹೇಳಿ ಕಳಿಸು" ಎಂದೆ.

"ಬರ್ತೀವಿ? ಮದುವೆ ಅಡುಗೆಗೆ ಹೆಂಗಸರನ್ನ ಕರ್ಕೊಂಡು ಹೋದ್ರೆ ಜನ ಏನಂದಾರು?"

"ಅಂದವರಿಗೆ ನಾನು ಉತ್ತರ ಕೊಡ್ತೀನಿ. ನೀನು ಕೈ ನೋಡ್ಕೋ, ಮೂಗು ನಾನು ನೋಡ್ಕೋತೀನಿ."

ನಾನು ಪಕ್ಕದಲ್ಲಿ ನಿಂತು ಕಿವಿಯಲ್ಲಿ ಪಿಸುಗುಟ್ಟಿದರೆ ಸಾಕು, ಗುಟ್ಟು ಗುಟ್ಟಾಗಿಯೇ ಉಳಿಯುತ್ತದೆ ಎಂಬುದು ನನ್ನ ಲೆಕ್ಕಾಚಾರವಾಗಿತ್ತು. ಆದರೆ ಮದುವೆಯ ದಿನ ಛತ್ರದ ಅಡುಗೆಮನೆಯಲ್ಲಿ, ನನ್ನನ್ನು ಕಂಡು ಹುಡುಗರು ಮುಖ ಮುಖ ನೋಡಿಕೊಂಡಾಗ, ಅಣ್ಣ ಎಲ್ಲರಿಗೂ ಕೇಳುವಂತೆ ಹೇಳಿದ: "ನನ್ನ ಮಂಡಿ ಗಟ್ಟಿಯಾಗೇ ಇದೆ ಕಣ್ರೋ. ಸತ್ತಿರೋದು ನನ್ನ ಮೂಗು. ಇವತ್ತು ಇಲ್ಲಿ ನನ್ನ ತಂಗಿ ಹೇಳಿದ್ದೇ ಮಾತು."

ವೆಂಕಟಾಚಲ ಕಣ್ಣೊರೆಸಿಕೊಂಡು ಒಲೆಯ ಬಳಿ ನನಗೆ ದಾರಿ ಬಿಟ್ಟ. ನಾನು ಸೆರಗು ಸಿಕ್ಕಿಸಿಕೊಂಡು, ಕುದಿಯುವ ಕೊಳದಪ್ಪಲೆಯ ಮೇಲೆ ಬಾಗಿ ಕಣ್ಣು ಮುಚ್ಚಿದೆ. ಕಣ್ಣು ತೆರೆದಾಗ ಅಣ್ಣ ಹಿಡಿ ತುಂಬ ಉಪ್ಪು ತೆಗೆದುಕೊಂಡು, ಏಳುತ್ತಿದ್ದ ಆವಿಯ ಮೇಲೆ ಕೈ ಚಾಚಿ, ನನ್ನ ಬಾಯನ್ನೇ ನೋಡುತ್ತ ಕಾಯುತ್ತಿದ್ದ.