ಗ್ರೀಸ್ ದೇಶವನ್ನು ಆರಿಸಿದವರು

ಜಾಹೆದಾ ತರಗತಿಗೆ ಬಂದಾಗ ಕೊನೆಯ ಬೆಂಚಿನಲ್ಲಿ ಗುರುತಿಲ್ಲದ ಮನುಷ್ಯನೊಬ್ಬ ಕೂತಿದ್ದ. ನಡುವಯಸ್ಸು, ಬಿಳಿ ಅಂಗಿ, ಗಿಡ್ಡಗೆ ಕತ್ತರಿಸಿದ ಕೂದಲು. ವಿದ್ಯಾರ್ಥಿಗಳೆಲ್ಲ ಎದ್ದು ನಿಂತರೂ ಅವನು ಏಳಲಿಲ್ಲ. ಅವಳ ಹಿಂದೆಯೇ ಬಂದ ಪ್ರಿನ್ಸಿಪಾಲರು ಬಾಗಿಲಲ್ಲೇ ನಿಂತು, "ಇವರು ಸ್ವಲ್ಪ ಹೊತ್ತು ಕೂಡ್ತಾರ. ನೀವು ಪಾಠ ನಡಸ್ರಿ" ಎಂದು ಹೇಳಿ, ಅವಳ ಮುಖ ನೋಡದೆ ಹೊರಟುಹೋದರು.

ಅದು ೧೯೭೫ರ ನವೆಂಬರ್. ತುರ್ತು ಪರಿಸ್ಥಿತಿ ಜಾರಿಯಾದ ಮೇಲೆ ರಾಯಚೂರಿನ ಚಹಾದಂಗಡಿಗಳಲ್ಲಿ ಜನ ಪೇಪರ್ ಓದಿ, ಮಡಚಿಟ್ಟು, ಬಿಸಿಲಿನ ಮಾತಾಡುತ್ತಿದ್ದರು. ಸ್ಟೇಷನ್ ರೋಡಿನ ವಕೀಲರೊಬ್ಬರನ್ನು ಪೊಲೀಸರು ಹಾಡುಹಗಲೇ ಕರೆದೊಯ್ದಿದ್ದರು. ಅವರು ಎಲ್ಲಿದ್ದಾರೆಂದು ಮನೆಯವರಿಗೂ ಗೊತ್ತಿರಲಿಲ್ಲ.

ಜಾಹೆದಾ ದೇವದುರ್ಗದ ಬಟ್ಟೆ ವ್ಯಾಪಾರಿ ಸತ್ತಾರ್ ಸಾಬರ ಮಗಳು. ಹೈದರಾಬಾದಿನಲ್ಲಿ ಎಂ.ಎ. ಮುಗಿಸಿ, ರಾಯಚೂರಿನ ಈ ಸಣ್ಣ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುತ್ತಿದ್ದಳು. ಬಿ.ಎ. ಕೊನೆಯ ವರ್ಷದವರು ಇಂಗ್ಲೆಂಡ್, ಅಮೆರಿಕದ ಸಂವಿಧಾನಗಳನ್ನು ಬಾಯಿಪಾಠ ಮಾಡುತ್ತಿದ್ದರು. ಆ ದೇಶಗಳಲ್ಲಿ ತಮ್ಮಂಥ ಜನರೂ ಇದ್ದಾರೆ ಎಂಬುದು ಅವರಿಗೆ ಹೊಳೆದೇ ಇರಲಿಲ್ಲ. ಹಾಗಾಗಿ ವರ್ಷದ ಮೊದಲ ಪಾಠದಲ್ಲೇ ಅವಳು ಹೇಳಿದ್ದಳು: "ಒಬ್ಬೊಬ್ಬರು ಒಂದೊಂದು ದೇಶ ಹಿಡೀರಿ. ಅಲ್ಲಿನವರು ಏನು ಬೆಳೀತಾರ, ಏನು ಓದ್ತಾರ, ಯಾರ ಮಾತು ಕೇಳ್ತಾರ, ಯಾಕ ಕೇಳ್ತಾರ, ತಿಳಕೊಂಡು ಬಂದು ಹೇಳ್ರಿ."

ಆಗ ಅದು ಬರೀ ಪಾಠವಾಗಿತ್ತು. ಕೆಲವೇ ವಾರಗಳಲ್ಲಿ ತುರ್ತು ಪರಿಸ್ಥಿತಿ ಬಂದು ದಿನಗಳು ಬದಲಾದವು. ಈ ದೇಶಗಳ ಪಾಠ ನಿಲ್ಲಿಸಬೇಕೆಂದು ಅವಳಿಗೂ ಅನ್ನಿಸಿತ್ತು. ಆದರೆ ಹುಡುಗರು ಮೊದಲ ಸಲ ತಾವಾಗಿ ಲೈಬ್ರರಿಯ ಕಪಾಟು ತೆಗೆಸಿ ಹಳೆಯ ವಾರಪತ್ರಿಕೆಗಳನ್ನು ಹುಡುಕುತ್ತಿದ್ದರು. ಸಂಜೆ ಅವಳ ಮನೆಯ ಪಡಸಾಲೆಯಲ್ಲಿ ಕೂತು ರೇಡಿಯೊದಲ್ಲಿ ಹೊರದೇಶದ ಸುದ್ದಿ ಕೇಳುತ್ತಿದ್ದರು. ಅವಳಿಂದ ಬೇಡವೆನ್ನಲು ಆಗಿರಲಿಲ್ಲ.

ಇವತ್ತು ಮಾತಾಡಬೇಕಾದವಳು ಚನ್ನಮಲ್ಲಮ್ಮ, ಮಾನ್ವಿಯ ಅಕ್ಕಿ ಗಿರಣಿಯ ವಿರೂಪಣ್ಣನ ಮಗಳು. ಅವಳ ದೇಶ ಗ್ರೀಸ್. ಅಲ್ಲಿ ಏಳು ವರ್ಷ ಸೈನ್ಯದ ಆಳ್ವಿಕೆ ಇತ್ತು, ಹಿಂದಿನ ವರ್ಷವಷ್ಟೇ ಬಿದ್ದಿತ್ತು. ಜಾಹೆದಾ ಕೊನೆಯ ಬೆಂಚಿನ ಕಡೆ ಒಮ್ಮೆ ನೋಡಿದಳು.

"ಗಡಿಗೆಪ್ಪ, ನೀ ಬಾ. ಬರ್ಮಾದ ಬಗ್ಗೆ ಹೇಳು."

ಮಸರಕಲ್ಲಿನ ಗಡಿಗೆಪ್ಪ ತಬ್ಬಿಬ್ಬಾಗಿ ಎದ್ದ. ಅವನ ಸರದಿ ಮುಂದಿನ ವಾರವಿತ್ತು. ಬರ್ಮಾದ ಭತ್ತ, ಅಲ್ಲಿನ ನದಿ ಎಂದು ತಡವರಿಸಿ ಬೇಗನೆ ಕೂತುಬಿಟ್ಟ. ಗಂಟೆ ಬಾರಿಸಲು ಇನ್ನೂ ಹೊತ್ತಿತ್ತು. ಜಾಹೆದಾ ಪುಸ್ತಕ ತೆರೆಯುವಷ್ಟರಲ್ಲಿ ಚನ್ನಮಲ್ಲಮ್ಮ ತಾನಾಗಿ ಎದ್ದು ಮುಂದೆ ಬಂದಳು.

"ಇವತ್ತು ಬ್ಯಾಡ ಚನ್ನಮಲ್ಲಮ್ಮ, ನಾಳೆ ನೋಡೂಣು."

"ತಯಾರಾಗಿ ಬಂದೀನಿ ಮೇಡಂ," ಎಂದ ಹುಡುಗಿ ಮಾತು ಶುರುಮಾಡಿಯೇಬಿಟ್ಟಳು. ಸೈನ್ಯ ಅಧಿಕಾರ ಹಿಡಿದದ್ದು, ಪತ್ರಿಕೆಗಳ ಬಾಯಿ ಕಟ್ಟಿದ್ದು. ಒಂದು ಕಾಲೇಜಿನ ಹುಡುಗರು ಗೇಟು ಹಾಕಿಕೊಂಡು ಒಳಗೆ ಕೂತು, ತಾವೇ ಒಂದು ರೇಡಿಯೊ ಕಟ್ಟಿ ಊರಿಗೆಲ್ಲ ಕೇಳುವಂತೆ ಮಾತಾಡಿದ್ದು. ಆ ಗೇಟನ್ನು ಟ್ಯಾಂಕು ಮುರಿದು ನುಗ್ಗಿದ್ದು. ಅವಳ ದನಿ ಏರಲಿಲ್ಲ, ಇಳಿಯಲಿಲ್ಲ.  ತಡೆಯಬೇಕೆಂದು ಜಾಹೆದಾ ಎರಡು ಸಲ ಬಾಯಿ ತೆರೆದಳು, ತಡೆಯಲಿಲ್ಲ.

"ಆಮ್ಯಾಲೇನಾತು?" ಗಡಿಗೆಪ್ಪ ಕೇಳಿದ.

"ಮರುವರ್ಷ ಆ ಸರ್ಕಾರ ಬಿತ್ತು. ಚುನಾವಣಿ ನಡೀತು."

ಕೊನೆಯ ಬೆಂಚಿನ ಮನುಷ್ಯ ಆಗ ಎದ್ದ. "ಛಲೋ ಹೇಳಿದ್ರಿ. ಈ ದೇಶ ಯಾರು ಆರಿಸಿದ್ರು?"

ಚನ್ನಮಲ್ಲಮ್ಮ ಉತ್ತರಿಸುವ ಮೊದಲೇ ಜಾಹೆದಾ, "ನಾನು" ಎಂದಳು. "ಬರಕೊಟ್ಟಾಕಿನೂ ನಾನು. ಆಕಿ ಬಾಯಿಪಾಠ ಮಾಡಿ ಒಪ್ಪಿಸಿದಾಳ, ಅಷ್ಟ."

ಹುಡುಗಿ ತಿರುಗಿ ನೋಡಿದಳು. ಆ ನೋಟವನ್ನು ಜಾಹೆದಾ ಎದುರಿಸಲಿಲ್ಲ.

"ನಾಳೆ ಮುಂಜಾನೆ ಠಾಣೆಗೆ ಬರ್ರಿ," ಎಂದ ಅವನು.

ಠಾಣೆಯಲ್ಲಿ ಅವಳನ್ನು ಬೆಂಚಿನ ಮೇಲೆ ಕೂರಿಸಿ ಮರೆತವರಂತೆ ಇದ್ದರು. ಎದ್ದರೆ ಪೇದೆ ಕೂರಲು ಸನ್ನೆ ಮಾಡುತ್ತಿದ್ದ. ಒಳಗಿನ ಕೋಣೆಯಿಂದ ಯಾರೋ ನರಳಿದಂತೆ ಕೇಳಿ, ಆಮೇಲೆ ಅದೂ ನಿಂತಿತು. ಮಧ್ಯಾಹ್ನ ಅಧಿಕಾರಿ ಒಗ್ಗಾಣಿ ತಿನ್ನುತ್ತಲೇ ಅವಳನ್ನು ಕರೆಸಿಕೊಂಡರು. ಅವರ ದನಿ ಮೃದುವಾಗಿತ್ತು. ಅದೇ ಹೆಚ್ಚು ಹೆದರಿಸಿತು.

"ನಿಮ್ಮ ಮನ್ಯಾಗ ರೇಡಿಯೊ ಕೇಳಾಕ ಯಾರ‍್ಯಾರು ಬರ್ತಾರ‍್ರಿ?"

"ಯಾರೂ ಬರಂಗಿಲ್ರಿ. ನಾನು, ನಮ್ಮ ಖಾಲಾ ರಂಜಾನಬಿ, ಇಬ್ರೇ."

"ನಿಮ್ಮ ತಂದಿ ದೇವದುರ್ಗದಾಗ ಅಂಗಡಿ ಇಟ್ಟಾರಲ್ಲ? ವ್ಯಾಪಾರ ಹ್ಯಾಂಗದ?"

ಆ ಪ್ರಶ್ನೆ ಬರೀ ವ್ಯಾಪಾರದ್ದಲ್ಲವೆಂದು ತಿಳಿದೂ ಅವಳು, "ನಡದದ್ರಿ" ಎಂದಳು. ಸಂಜೆ ಬಿಟ್ಟುಕಳಿಸುವಾಗ ಅವರು, "ಪುಸ್ತಕದಾಗ ಇದ್ದದ್ದಷ್ಟ ಹೇಳ್ರಿ. ಮತ್ತ ಕರೀತೀವಿ" ಎಂದರು. ಯಾವಾಗ ಎಂದು ಹೇಳಲಿಲ್ಲ. ಅಂದಿನಿಂದ ಬೀದಿಯಲ್ಲಿ ಜೀಪಿನ ಸದ್ದು ಕೇಳಿದರೆ ಸಾಕು, ಚಿಕ್ಕಮ್ಮ ರಂಜಾನಬಿ ರೇಡಿಯೊದ ಮೇಲೆ ಚಾದರ ಹೊದಿಸುತ್ತಿದ್ದಳು.

ಚನ್ನಮಲ್ಲಮ್ಮ ಕಾಲೇಜಿಗೆ ಬರುವುದು ನಿಂತುಹೋಯಿತು. ವಾರಗಳು ಕಳೆದವು. ಕೊನೆಗೆ ಒಂದು ಭಾನುವಾರ ಜಾಹೆದಾ ಮಾನ್ವಿಯ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಹಿಂದಿನ ಸೀಟಿನವನು ತನ್ನನ್ನೇ ನೋಡುತ್ತಿದ್ದಾನೆ ಅನ್ನಿಸುತ್ತಿತ್ತು.

ಗಿರಣಿಯ ಅಂಗಳದಲ್ಲಿ ತೌಡಿನ ಧೂಳು ತುಂಬಿತ್ತು. ವಿರೂಪಣ್ಣ ಅವಳನ್ನು ಕಂಡೊಡನೆ ಹೊರಬಾಗಿಲು ಮುಚ್ಚಿ ಬಂದ. ವಿಭೂತಿ ಹಚ್ಚಿದ ಹಣೆಯಲ್ಲಿ ಬೆವರಿತ್ತು.

"ನೀವು ಬರಬಾರದಾಗಿತ್ತು ಮೇಡಮ್ಮಾರೆ. ನಮ್ಮ ಗಿರಣಿ ಲೈಸೆನ್ಸು ಸರ್ಕಾರದ ಕೈಯಾಗ ಅದ. ಮಗಳು ಏನೂ ತಿಳೀಲಾರದಾಕಿ. ನೀವು ಹೇಳಿಕೊಟ್ಟದ್ದನ್ನ ಗಿಣಿ ಹಂಗ ಹೇಳಿ ಸಿಕ್ಕೊಂಡ್ಲು. ಆಕಿಗೆ ಓದು ಸಾಕು. ಗಂಡು ನೋಡಾಕತ್ತೀವಿ."

ಒಳಬಾಗಿಲಲ್ಲಿ ಚನ್ನಮಲ್ಲಮ್ಮ ನಿಂತಿದ್ದಳು. "ಯಾಕ ಹಂಗ ಹೇಳಿದ್ರಿ ಮೇಡಂ?" ಅವಳ ಕಣ್ಣು ಕೆಂಪಾಗಿತ್ತು. "ಎಲ್ಲಾರೂ ಈಗ ಅದನ್ನ ನಂಬ್ಯಾರ. ನಮ್ಮಪ್ಪನೂ ನಂಬ್ಯಾನ."

ಜಾಹೆದಾ ಮುಚ್ಚಿದ ಹೊರಬಾಗಿಲ ಕಡೆ ನೋಡಿದಳು. ಅದರಾಚೆ ಹಮಾಲರ ಮಾತು ಕೇಳುತ್ತಿತ್ತು. ಇಲ್ಲಿ ಆಡಿದ್ದು ಎಲ್ಲಿಗೆ ಮುಟ್ಟುತ್ತದೋ ಯಾರಿಗೆ ಗೊತ್ತು? ಹುಡುಗಿಗೆ ಆಸರೆಯಾಗಿದ್ದದ್ದು ಆ ಒಂದು ಸುಳ್ಳು ಮಾತ್ರ. 

"ವಿರೂಪಣ್ಣೋರೆ, ನಾನು ಪೊಲೀಸರಿಗೆ ಸುಳ್ಳು ಹೇಳೀನಿ," ಎಂದಳು, ದನಿ ತಗ್ಗಿಸಿ. "ಗ್ರೀಸ್ ಆರಿಸಿದಾಕಿ ನಿಮ್ಮ ಮಗಳು. ಹುಡುಕಿ ಓದಿದಾಕಿನೂ ಆಕೀನ. ಅದರಾಗ ಅರ್ಧಾ ನನಗೂ ಗೊತ್ತಿದ್ದಿಲ್ಲ. ಇದು ಹೊರಗ ಹೋದ್ರ ಆಕಿಗೂ ಕಷ್ಟ, ನನಗೂ ಕಷ್ಟ. ಆದ್ರ ಏನೂ ತಿಳೀಲಾರದಾಕಿ ಅಂತ ಮಾತ್ರ ಆಕಿ ಓದು ಬಿಡಿಸಬ್ಯಾಡ್ರಿ."

 ವಿರೂಪಣ್ಣ ಮಗಳ ಕಡೆ ತಿರುಗಿದ.

"ಖರೇನ?"

"ಖರೇ ಯಪ್ಪಾ."

"ಅಂಜಿಕಿ ಬರಲಿಲ್ಲೇನು ನಿನಗ?"

"ಬಂದಿತ್ತು. ಈಗೂ ಅದ."

ಅವನು ಭತ್ತದ ಚೀಲದ ಮೇಲೆ ಕುಸಿದು ಕೂತ. "ನನಗೂ ಅದವ್ವ," ಎಂದ.

ಮುಂದಿನ ವಾರ ಚನ್ನಮಲ್ಲಮ್ಮ ತರಗತಿಗೆ ಬಂದಳು. ದೇಶಗಳ ಪಾಠ ಮತ್ತೆ ನಡೆಯಲಿಲ್ಲ. ಜಾಹೆದಾ ಪುಸ್ತಕದಲ್ಲಿದ್ದದ್ದನ್ನಷ್ಟೇ ಓದಿ ಹೇಳುತ್ತಿದ್ದಳು, ಹುಡುಗರು ತಲೆ ತಗ್ಗಿಸಿ ಬರೆದುಕೊಳ್ಳುತ್ತಿದ್ದರು. ಪರೀಕ್ಷೆ ಮುಗಿಯುತ್ತಿದ್ದಂತೆ ಪ್ರಿನ್ಸಿಪಾಲರು ಅವಳನ್ನು ಕರೆದು, ಮುಂದಿನ ವರ್ಷಕ್ಕೆ ಬೇರೆಯವರನ್ನು ನೋಡಿಕೊಂಡಿದ್ದೇವೆ ಎಂದರು. ಕಾರಣ ಅವಳೂ ಕೇಳಲಿಲ್ಲ.

ದೇವದುರ್ಗಕ್ಕೆ ಹೊರಟ ದಿನ ರಾಯಚೂರಿನ ಬಸ್‌ಸ್ಟ್ಯಾಂಡಿಗೆ ಚನ್ನಮಲ್ಲಮ್ಮ ಅಪ್ಪನ ಜೊತೆ ಬಂದಿದ್ದಳು. "ಮೇಡಂ, ಎಂ.ಎ. ಮಾಡಾಕ ಧಾರವಾಡಕ್ಕ ಹೋಗ್ತೀನಿ. ರಾಜ್ಯಶಾಸ್ತ್ರನ. ನಮ್ಮಪ್ಪ ಹೂಂ ಅಂದಾನ."

ಜಾಹೆದಾ ಮೊದಲು ಸುತ್ತಲೂ ನೋಡಿದಳು. ಕಂಬಕ್ಕೊರಗಿ ಒಬ್ಬ ಪೇಪರ್ ಓದುತ್ತಿದ್ದ. "ಮೆಲ್ಲಕ ಹೇಳು," ಎಂದಳು. ಖುಷಿಗಿಂತ ಮುಂಚೆ ಆ ಮಾತು ಬಂದದ್ದಕ್ಕೆ ಅವಳಿಗೇ ನಾಚಿಕೆಯಾಯಿತು. ಹುಡುಗಿಯ ಕೈ ಹಿಡಿದು ಹತ್ತಿರಕ್ಕೆ ಎಳೆದುಕೊಂಡಳು.

"ಅಲ್ಲಿ ಯಾವ ದೇಶದ ಬಗ್ಗೆ ಓದ್ತಿ?"

ಚನ್ನಮಲ್ಲಮ್ಮ ಅವಳ ಕಿವಿಯ ಹತ್ತಿರ ಬಾಗಿ, "ನಮ್ಮದು" ಎಂದಳು.

ಬಸ್ಸು ಊರು ದಾಟಿ ಎಷ್ಟೋ ಹೊತ್ತಾದರೂ ಜಾಹೆದಾಳ ಎದೆಬಡಿತ ಇಳಿಯಲಿಲ್ಲ.